ಡಬಲ್ ಬಂದ ಕಾರ್ಡು

(ಹಾಸನದಲ್ಲಿ ಒಂದು ಶನಿವಾರ ಸಂಜೆ ಪೋಷಕರು, ಶಿಕ್ಷಕರು ಮತ್ತು ಪ್ರೌಢಶಾಲೆಯ ಮಕ್ಕಳ ಮುಂದೆ ಆಡಿದ ಮಾತುಗಳ ಬರಹ ರೂಪ. ನಡುವೆ ಎರಡು ಬಾರಿ ಕರೆಂಟು ಹೋಗಿ ಮೈಕು ಸುಮ್ಮನಾಯಿತು. ಆಗ ಆಡಿದ್ದನ್ನು ನೆನಪಿನಿಂದ ತುಂಬಿದ್ದೇನೆ.)

ನಮ್ಮ ತಂದೆಯ ಅಂಗಡಿ ಕಟ್ಟಿನಕೆರೆ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿತ್ತು. ಒಳಗೆ ಇಬ್ಬರು ನಿಂತರೆ ಮೂರನೆಯವನು ಬೀದಿಯಲ್ಲೇ ಕಾಯಬೇಕು, ಅಷ್ಟು ದೊಡ್ಡ ಅಂಗಡಿ. ಬಳಪ, ಬರೆಯುವ ಪುಸ್ತಕ, ಪೆಪ್ಪರಮಿಂಟು, ಊದುಬತ್ತಿ, ಸೂಜಿ ದಾರ ಮಾರುತ್ತಿದ್ದರು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಮಾರಾಟಕ್ಕಿಲ್ಲದ ಒಂದೇ ಒಂದು ವಸ್ತು ಇತ್ತು. ಮುಚ್ಚಳ ಕಳೆದುಹೋದ ಹಾರ್ಲಿಕ್ಸ್ ಬಾಟಲಿ.

ಎಂಬತ್ತರ ದಶಕದ ಕೊನೆಯ ಮಾತು ಇದು. ಬಿಗ್ ಫನ್ ಬಬಲ್ ಗಮ್ ಕೊಂಡರೆ ಜೊತೆಗೆ ಒಬ್ಬ ಕ್ರಿಕೆಟಿಗನ ಚಿತ್ರದ ಚೀಟಿ ಬರುತ್ತಿತ್ತು. ಅದರ ಮೇಲೆ ಇಷ್ಟು ರನ್, ಇಷ್ಟು ವಿಕೆಟ್ ಎಂದು ಅಚ್ಚಾಗಿರುತ್ತಿತ್ತು. ಹುಡುಗರಿಗೆ ಬೇಕಾಗಿದ್ದದ್ದು ಚೀಟಿ. ಗಮ್ಮನ್ನು ತಮ್ಮನಿಗೋ ತಂಗಿಗೋ ಕೊಟ್ಟುಬಿಡುತ್ತಿದ್ದರು. ಕೈಯಲ್ಲಿರುವ ಚೀಟಿಯೇ ಮತ್ತೊಮ್ಮೆ ಬಂದರೆ ಅದಕ್ಕೆ ‘ಡಬಲ್’ ಎಂದು ಹೆಸರು. ಡಬಲ್ ಬಂದವನು ಮುಖ ಸಿಂಡರಿಸಿಕೊಂಡು ಅದನ್ನು ಅಂಗಡಿಯ ಮೆಟ್ಟಿಲ ಮೇಲೆಯೇ ಎಸೆದು ಹೋಗುತ್ತಿದ್ದ. ಸಂಜೆ ಮೆಟ್ಟಿಲು ಗುಡಿಸುವವರು ಅಪ್ಪ. ನಾಲ್ಕು ದಿನ ಗುಡಿಸಿದರು, ಐದನೆಯ ದಿನ ಆ ಬಾಟಲಿಯನ್ನು ತಂದಿಟ್ಟರು. “ಒಂದು ಹಾಕು, ಒಂದು ತೆಗೆದುಕೋ. ಎರಡು ತೆಗೆದರೆ ಕೈ ಮುರಿಯುತ್ತೇನೆ.” ಅಷ್ಟೇ ನಿಯಮ.

ಹೀಗೆ ಮಾಡಿದರೆ ಹುಡುಗರು ಗಮ್ ಕೊಳ್ಳುವುದನ್ನೇ ಬಿಡುತ್ತಾರೆ ಎಂದು ಅಮ್ಮ ಹೆದರಿಸಿದರು. ಅಪ್ಪನಿಗೂ ಒಳಗೊಳಗೇ ಅಳುಕು ಇತ್ತೆಂದು ಕಾಣುತ್ತದೆ, ಏಕೆಂದರೆ ಅವರೇನೂ ಧರ್ಮಕ್ಕೆ ಬಾಟಲಿ ಇಟ್ಟವರಲ್ಲ, ಪೊರಕೆ ಹಿಡಿಯುವ ಬೇಸರಕ್ಕೆ ಇಟ್ಟವರು. ಆದರೆ ಆದದ್ದೇ ಬೇರೆ. ಡಬಲ್ ಬಂದರೂ ನಷ್ಟವಿಲ್ಲ ಎಂದು ಗೊತ್ತಾದ ಮೇಲೆ ಆಚೆ ಬೀದಿಯ ಹುಡುಗರೂ ನಮ್ಮ ಅಂಗಡಿಗೇ ಬರತೊಡಗಿದರು. ಶಾಲೆ ಬಿಟ್ಟ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಹತ್ತು ಹನ್ನೆರಡು ಮಂದಿ ಕುಕ್ಕರಗಾಲಿನಲ್ಲಿ ಕುಳಿತು, ಎರಡು ಗಾವಸ್ಕರ್‌ಗೆ ಒಂದು ವಿವಿಯನ್ ರಿಚರ್ಡ್ಸ್ ಸಮವೋ ಅಲ್ಲವೋ ಎಂದು ವಾದ ಮಾಡುತ್ತಿದ್ದರು. ಈ ಬಾಟಲಿಯನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ.

ಸಂಘಟಕರು ನನ್ನನ್ನು ಕರೆದದ್ದಕ್ಕೆ ಕಾರಣ ಬೇರೆಯೇ. ನಾನು ಸಂಖ್ಯಾಶಾಸ್ತ್ರ ಪಾಠ ಮಾಡುವವನು. ಮಕ್ಕಳು ಪೋಕೆಮಾನ್ ಎಂಬ ಕಾಲ್ಪನಿಕ ಪ್ರಾಣಿಗಳ ಚಿತ್ರದ ಕಾರ್ಡುಗಳಿಗೆ ದುಡ್ಡು ಸುರಿಯುತ್ತಿದ್ದಾರೆ, ಯೂಟ್ಯೂಬಿನಲ್ಲಿ ಯಾರೋ ಪೊಟ್ಟಣ ಒಡೆಯುವುದನ್ನು ಗಂಟೆಗಟ್ಟಲೆ ನೋಡುತ್ತಾರೆ, ಇದು ಜೂಜಲ್ಲವೇ, ನೀವು ಬಂದು ಲೆಕ್ಕ ಹಾಕಿ ಹೇಳಿ ಎಂದರು. ಲೆಕ್ಕ ಹಾಕುತ್ತೇನೆ. ಅದಕ್ಕೆ ಮುಂಚೆ ಆಟ ಏನೆಂದು ಇಲ್ಲಿರುವ ಹಿರಿಯರಿಗೆ ಹೇಳಬೇಕು. ಮಕ್ಕಳು ಐದು ನಿಮಿಷ ಆಕಳಿಸಬಹುದು.

ಇಸ್ಪೀಟಿನಲ್ಲಿ ಎಲ್ಲರೂ ಒಂದೇ ಕಟ್ಟಿನ 52 ಎಲೆಗಳಿಂದ ಆಡುತ್ತೇವೆ. ಈ ಆಟದಲ್ಲಿ ಹಾಗಿಲ್ಲ. ಆಡಲು ಬರುವವನು ತನ್ನ ಕಟ್ಟನ್ನು ತಾನೇ ಜೋಡಿಸಿಕೊಂಡು ಬರುತ್ತಾನೆ, ಮನೆಯಿಂದ ಬುತ್ತಿ ಕಟ್ಟಿಕೊಂಡು ಬಂದ ಹಾಗೆ. ಪೇಟೆಯಲ್ಲಿ ಸಾವಿರಾರು ಬಗೆಯ ಕಾರ್ಡುಗಳಿವೆ. ಅವುಗಳಿಂದ 60 ಆರಿಸಬೇಕು, ಸಾಮಾನ್ಯವಾಗಿ ಒಂದೇ ಹೆಸರಿನ ಕಾರ್ಡು ನಾಲ್ಕಕ್ಕಿಂತ ಹೆಚ್ಚು ಇರಕೂಡದು. ಕಾರ್ಡುಗಳನ್ನು ಪೊಟ್ಟಣದಲ್ಲಿ ಮಾರುತ್ತಾರೆ, ಒಳಗೇನಿದೆ ಎಂದು ಹೇಳುವುದಿಲ್ಲ. ನಿಮ್ಮ ಪೊಟ್ಟಣದಲ್ಲಿ ನಿಮಗೆ ಬೇಡದ್ದು ಬಂದಿರುತ್ತದೆ, ಅದು ಬೇಕಾದವನು ಪಕ್ಕದ ಬೆಂಚಿನಲ್ಲಿ ಕುಳಿತಿರುತ್ತಾನೆ.

ಈ ರೂಪದಲ್ಲಿ ಆಟವನ್ನು ಮೊದಲು ಕಟ್ಟಿದವರು ಅಮೆರಿಕದ ರಿಚರ್ಡ್ ಗಾರ್ಫೀಲ್ಡ್. 1993ರ ಆಗಸ್ಟ್‌ನಲ್ಲಿ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಹೆಸರಿನಲ್ಲಿ ಬಂತು. ಗಾರ್ಫೀಲ್ಡ್ ಗಣಿತದ ವಿದ್ಯಾರ್ಥಿ. ಅದೇ ವರ್ಷ ಡಾಕ್ಟರೇಟ್ ಪಡೆದರು. ಗಣಿತದ ಪುಸ್ತಕದಲ್ಲಿ ಕ್ರಮಯೋಜನೆ, ವಿಕಲ್ಪ ಎಂಬ ಪಾಠ ಬರುತ್ತದಲ್ಲ, ಅವರು ಓದಿದ್ದು ಅದೇ ಶಾಖೆ. ಆ ಪಾಠದಿಂದ ಇಂಥ ಪ್ರಯೋಜನವೂ ಇದೆ ಎಂದು ನನ್ನ ವಿದ್ಯಾರ್ಥಿಗಳಿಗೆ ಪ್ರತಿವರ್ಷ ಹೇಳುತ್ತೇನೆ, ಯಾರೂ ನಂಬುವುದಿಲ್ಲ. ಮೊದಲ ಮುದ್ರಣ 26 ಲಕ್ಷ ಕಾರ್ಡು; ಬೇಗನೆ ಖರ್ಚಾಗಿಹೋಯಿತು. ಪೊಟ್ಟಣಕ್ಕೆ 15 ಕಾರ್ಡು, ಅದರಲ್ಲಿ 11 ಸಾಮಾನ್ಯ, ಮೂರು ಸ್ವಲ್ಪ ವಿರಳ, ಒಂದು ವಿರಳ.

ಆ ಆಟದ ಒಂದು ನಿಯಮ ನನಗೆ ಬಹಳ ಇಷ್ಟ. ನಿಯಮದ ಪುಸ್ತಕ ಒಂದು ಹೇಳಿ ಕಾರ್ಡು ಇನ್ನೊಂದು ಹೇಳಿದರೆ ಕಾರ್ಡಿನ ಮಾತೇ ನಡೆಯುತ್ತದೆ. ಅಂದರೆ ಹೊಸ ಕಾರ್ಡು ಬಂದಾಗಲೆಲ್ಲ ಆಟದ ಕಾನೂನಿಗೆ ಒಂದು ಪುಟ್ಟ ತಿದ್ದುಪಡಿ. ಕಾಲು ಶತಮಾನದ ತಿದ್ದುಪಡಿ ಸೇರಿ ಆಟ ಎಷ್ಟು ಜಟಿಲವಾಗಿದೆ ಎಂದರೆ, 2019ರಲ್ಲಿ ಮೂವರು ಸಂಶೋಧಕರು ಈ ಕಾರ್ಡುಗಳನ್ನು ಸರಿಯಾಗಿ ಜೋಡಿಸಿದರೆ ಕಂಪ್ಯೂಟರ್ ಮಾಡಬಲ್ಲ ಯಾವ ಲೆಕ್ಕವನ್ನಾದರೂ ಅವುಗಳಿಂದಲೇ ಮಾಡಿಸಬಹುದು ಎಂದು ಸಾಧಿಸಿ ತೋರಿಸಿದರು. ಇನ್ನೊಂದು ಹಳೆಯ ನಿಯಮ ಈಗಿಲ್ಲ. ಆಟಕ್ಕೆ ಮುಂಚೆ ಇಬ್ಬರೂ ತಮ್ಮ ಕಟ್ಟಿನಿಂದ ಒಂದೊಂದು ಕಾರ್ಡು ಪಣವಿಡಬೇಕು, ಗೆದ್ದವನು ಎರಡನ್ನೂ ಒಯ್ಯಬೇಕು. ನಾವು ಗೋಲಿ ಆಡುತ್ತಿದ್ದದ್ದು ಹಾಗೆಯೇ, ಗೆದ್ದ ಗೋಲಿ ಗೆದ್ದವನ ಜೇಬಿಗೆ. ಕಾರ್ಡಿಗೆ ಬೆಲೆ ಬಂದ ಮೇಲೆ ಪಣ ಇಡಲು ಹೆಚ್ಚಿನವರಿಗೆ ಮನಸ್ಸಾಗಲಿಲ್ಲ, ನಿಯಮ ಬಿದ್ದುಹೋಯಿತು. ಬೆಲೆ ಬಂದದ್ದರಿಂದ ಆಟದ ಒಂದು ತುಂಡು ಸತ್ತ ಮೊದಲ ಪ್ರಸಂಗ ಅದು.

ಪೋಕೆಮಾನ್ ಕಾರ್ಡಿನ ಆಟ ಜಪಾನಿನಲ್ಲಿ 1996ರ ಅಕ್ಟೋಬರ್‌ನಲ್ಲಿ, ಅಮೆರಿಕದಲ್ಲಿ 1999ರ ಜನವರಿಯಲ್ಲಿ ಬಂತು. ಪೋಕೆಮಾನ್ ಹಿಂದಿರುವ ವಿಡಿಯೊ ಗೇಮ್ ಕಂಪನಿ ನಿಂಟೆಂಡೊ 1889ರಲ್ಲಿ ಕ್ಯೋಟೊ ನಗರದಲ್ಲಿ ಆರಂಭವಾದದ್ದೇ ಕೈಯಿಂದ ಮಾಡಿದ ಇಸ್ಪೀಟೆಲೆಗಳನ್ನು ಮಾರಲು, ‘ಹನಫುದ’ ಎಂಬ ಹೂವಿನ ಚಿತ್ರದ ಎಲೆಗಳನ್ನು. ನೂರು ವರ್ಷ ಕಳೆದ ಮೇಲೂ ಅವರಿಗೆ ಎಲೆಯ ನಂಟು ಬಿಡಲಿಲ್ಲ. 2024ರ ಮಾರ್ಚ್ ಹೊತ್ತಿಗೆ ಪೋಕೆಮಾನ್ ಕಾರ್ಡುಗಳು ಒಟ್ಟು 6,480 ಕೋಟಿಗೂ ಹೆಚ್ಚು ಅಚ್ಚಾಗಿದ್ದವು. ಭೂಮಿಯ ಮೇಲಿನ ಪ್ರತಿ ತಲೆಗೆ ಎಂಟು ಕಾರ್ಡು ಎಂದುಕೊಳ್ಳಿ, ಹೊಲ ಉಳುವವರನ್ನೂ ತೊಟ್ಟಿಲ ಮಕ್ಕಳನ್ನೂ ಸೇರಿಸಿ.

ಇಷ್ಟು ಹೇರಳವಾಗಿರುವ ಕಾಗದದ ತುಂಡಿಗೆ ಕೋಟಿಗಟ್ಟಲೆ ಬೆಲೆ ಹೇಗೆ ಬಂತು?

2020ರಲ್ಲಿ ಲೋಕವೆಲ್ಲ ಮನೆಯೊಳಗೆ ಕುಳಿತಿತ್ತು. ತೊಂಬತ್ತರ ದಶಕದ ಮಕ್ಕಳು ಬೆಳೆದು ಸಂಬಳ ಎಣಿಸುವವರಾಗಿದ್ದರು, ಹಳೆಯ ಪೆಟ್ಟಿಗೆಗಳನ್ನು ತೆರೆದು ನೋಡಲು ಪುರಸೊತ್ತು ಸಿಕ್ಕಿತ್ತು. ಅಷ್ಟಕ್ಕೆ ಕ್ಯಾಮೆರಾ ಸೇರಿಕೊಂಡಿತು. ಲೋಗನ್ ಪಾಲ್ ಎಂಬ ಅಮೆರಿಕದ ಇನ್‌ಫ್ಲುಯೆನ್ಸರ್ ಆ ವರ್ಷ ಅಕ್ಟೋಬರ್‌ನಲ್ಲಿ ಮೊದಲ ಮುದ್ರಣದ ಪೋಕೆಮಾನ್ ಪೆಟ್ಟಿಗೆಯೊಂದನ್ನು ನೇರಪ್ರಸಾರದಲ್ಲಿ ಒಡೆದರು. ಮುಂದಿನ ವರ್ಷ ಜೂನ್‌ನಲ್ಲಿ ಫ್ಲಾಯ್ಡ್ ಮೇವೆದರ್ ಜೊತೆ ಬಾಕ್ಸಿಂಗ್ ಆಡಲು ಬಂದಾಗ ಕೊರಳಲ್ಲಿ ಚಾರಿಜಾರ್ಡ್ ಎಂಬ ಪೋಕೆಮಾನ್ ಪ್ರಾಣಿಯ ಕಾರ್ಡನ್ನು ಪದಕದಂತೆ ತೂಗುಹಾಕಿಕೊಂಡಿದ್ದರು. 2021ರ ಮೇ ತಿಂಗಳಲ್ಲಿ ಅಮೆರಿಕದ ಒಂದು ಅಂಗಡಿಯ ವಾಹನ ನಿಲುಗಡೆಯಲ್ಲಿ ಕ್ರೀಡಾ ಕಾರ್ಡುಗಳಿಗಾಗಿ ಜಗಳವಾಗಿ ಬಂದೂಕು ಹೊರಬಂತು. ಆ ಸರಣಿ ಅಂಗಡಿಗಳವರು ಸ್ವಲ್ಪ ಕಾಲ ಕಾರ್ಡುಗಳನ್ನು ಕಪಾಟಿನಿಂದಲೇ ತೆಗೆದಿಟ್ಟರು. ಕಾರ್ಡಿನ ಸ್ಥಿತಿ ನೋಡಿ ಹತ್ತಕ್ಕೆ ಇಷ್ಟು ಅಂಕ ಎಂದು ಕೊಟ್ಟು ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಮೊಹರು ಮಾಡಿ ಕಳಿಸುವ ಪಿಎಸ್‌ಎ ಎಂಬ ಸಂಸ್ಥೆ, ಬಂದು ಬಿದ್ದ ರಾಶಿಯನ್ನು ತಾಳಲಾರದೆ ಆ ವರ್ಷದ ಮಾರ್ಚ್‌ನಲ್ಲಿ ಹೊಸ ಕಾರ್ಡು ತೆಗೆದುಕೊಳ್ಳುವುದನ್ನು ಬಹುಪಾಲು ನಿಲ್ಲಿಸಿತು.

ಪಾಲ್ ಅವರ ಎರಡು ಪ್ರಸಂಗಗಳನ್ನು ಹೇಳಿ ಮುಂದೆ ಹೋಗುತ್ತೇನೆ. ಒಂದು ನಗು ಬರಿಸುವಂಥದ್ದು. 2021ರ ಕೊನೆಯಲ್ಲಿ ಅವರು 35 ಲಕ್ಷ ಡಾಲರ್ ಕೊಟ್ಟು ಮೊಹರು ಒಡೆಯದ ಪೋಕೆಮಾನ್ ಪೆಟ್ಟಿಗೆ ಕೊಂಡರು. ಜನವರಿಯಲ್ಲಿ ಒಡೆದು ನೋಡಿದರೆ ಒಳಗಿದ್ದದ್ದು ಜಿ.ಐ. ಜೋ ಎಂಬ ಬೇರೆ ಸೈನಿಕ ಗೊಂಬೆಯ ಕಾರ್ಡುಗಳು. ಒಡೆಯದೇ ಇಟ್ಟಿದ್ದರೆ ಇವತ್ತಿಗೂ ಅದು ಪೋಕೆಮಾನ್ ಪೆಟ್ಟಿಗೆಯೇ ಆಗಿರುತ್ತಿತ್ತು, ಬೆಲೆಯೂ ಏರುತ್ತಿತ್ತೋ ಏನೋ.

ಇನ್ನೊಂದು ನಗು ಬರಿಸುವುದಿಲ್ಲ. ಪಿಕಾಚು ಎಂಬ ಪೋಕೆಮಾನ್ ಪ್ರಾಣಿಯ ಚಿತ್ರವಿರುವ ‘ಪಿಕಾಚು ಇಲಸ್ಟ್ರೇಟರ್’ ಕಾರ್ಡನ್ನು ಅವರು 2021ರಲ್ಲಿ 52 ಲಕ್ಷ 75 ಸಾವಿರ ಡಾಲರ್ ಮೌಲ್ಯದ ವ್ಯವಹಾರದಲ್ಲಿ ಪಡೆದರು. ಗಿನ್ನೆಸ್ ದಾಖಲೆಯಾಯಿತು. ಆ ಕಾರ್ಡು ಯಾವುದು? 1997 ಮತ್ತು 98ರಲ್ಲಿ ಜಪಾನಿನ ಒಂದು ಮಕ್ಕಳ ಕಾಮಿಕ್ಸ್ ಪತ್ರಿಕೆ ಚಿತ್ರ ಬಿಡಿಸುವ ಸ್ಪರ್ಧೆ ನಡೆಸಿತು. ಚೆನ್ನಾಗಿ ಚಿತ್ರ ಬರೆದು ಕಳಿಸಿದವರಿಗೆ ಬಹುಮಾನವಾಗಿ ಕೊಟ್ಟ ಕಾರ್ಡು ಅದು, ಕೊಟ್ಟದ್ದು 39. ಪೇಟೆಯಲ್ಲಿ ಮಾರಲಿಲ್ಲ. ಅದರ ಮೇಲಿರುವ ಬರಹ ಆಡುವ ಸೂಚನೆಯಲ್ಲ, ನಿನ್ನ ಚಿತ್ರ ಚೆನ್ನಾಗಿದೆ ಎಂಬ ಅರ್ಥದ ಪ್ರಶಸ್ತಿಪತ್ರದ ಮಾತು. ಕುಂಚ ಹಿಡಿದು ಚಿತ್ರ ಬರೆದವರ ಕೈಗೆ ಅಂಚೆಯಲ್ಲಿ ಬಂದಿದ್ದ ಆ ಶಹಬ್ಬಾಸ್‌ಗಿರಿ 2022ರಲ್ಲಿ ಕುಸ್ತಿಯಾಡಲು ಹೊರಟ ಪಾಲ್ ಅವರ ಕೊರಳಿಗೆ ಬಿದ್ದು ಅಖಾಡಕ್ಕೆ ಬಂತು. ಅಂಥ ಕಾರ್ಡು ಕೊರಳಲ್ಲಿರುವವನನ್ನು ನೋಡಿ ಮಕ್ಕಳು ಪಿಕಾಚು ಚಿತ್ರ ಬಿಡಿಸಲು ಕುಳಿತರೆಂದು ನಾನಂತೂ ಎಲ್ಲಿಯೂ ಕೇಳಿಲ್ಲ.

ತಪ್ಪೆಲ್ಲ ಅವರದೇ ಎನ್ನಲಾರೆ. ಕಂಪನಿಗಳೂ ಹಸು ಕಂಡಲ್ಲಿ ಚೆಂಬು ಹಿಡಿದವರೇ. ಮ್ಯಾಜಿಕ್ ಆಟದ ಮೂವತ್ತನೆಯ ವರ್ಷದ ನೆಪದಲ್ಲಿ 2022ರಲ್ಲಿ ಹಳೆಯ ಕಾರ್ಡುಗಳ ಮರುಮುದ್ರಣ ತಂದರು: ನಾಲ್ಕು ಪೊಟ್ಟಣ, ಅರವತ್ತು ಕಾರ್ಡು, ಬೆಲೆ 999 ಡಾಲರ್, ಪಂದ್ಯಾವಳಿಗಳಲ್ಲಿ ಆಡುವಂತಿಲ್ಲ. ಆಡಲಾಗದ ಆಟದ ಎಲೆ. ಆಟಗಾರರು ಚೆನ್ನಾಗಿ ಬೈದರು.

ನಮ್ಮ ಜಿಲ್ಲೆಗೆ ಇದು ಹೊಸ ಕಥೆಯೇನಲ್ಲ. ಸಕಲೇಶಪುರದ ಕಡೆಯಿಂದ ಬಂದವರು ಇಲ್ಲಿ ಇದ್ದೀರಿ, ವೆನಿಲ್ಲಾ ಎಂದರೆ ಸಾಕು, ನಿಮಗೆ ಗೊತ್ತಾಗುತ್ತದೆ. 2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿಯಿತು, ಅಲ್ಲಿನ ಬೆಳೆ ಹೋಯಿತು, 2003ರ ಹೊತ್ತಿಗೆ ಹಸಿ ಕೋಡಿನ ಬೆಲೆ ನಮ್ಮಲ್ಲಿ ಕಿಲೋಗೆ ಸಾವಿರಗಳಲ್ಲಿ ಇತ್ತು. ಅಡಿಕೆ ಮರಕ್ಕೆ ಬಳ್ಳಿ ಹಬ್ಬಿಸದ ತೋಟವೇ ಇಲ್ಲ ಎಂಬಂತಾಯಿತು. ನನ್ನ ಸೋದರಮಾವ ಬೆಳಗಿನ ಜಾವ ಎದ್ದು, ಆ ಒಂದೇ ದಿನ ಅರಳುವ ಹೂವನ್ನು ಹುಡುಕಿ, ಕಡ್ಡಿಯ ತುದಿಯಿಂದ ಒಂದೊಂದಕ್ಕೂ ಪರಾಗ ಮುಟ್ಟಿಸುತ್ತಿದ್ದರು. ರಾತ್ರಿ ಟಾರ್ಚ್ ಹಿಡಿದು ಬಳ್ಳಿ ಕಾಯುತ್ತಿದ್ದರು. ಎರಡು ವರ್ಷದಲ್ಲಿ ಬೆಲೆ ಮುರಿದುಬಿತ್ತು. ಆಗ ಗೆದ್ದವರು ಯಾರೆಂದು ಮಾವ ಸಾಯುವವರೆಗೂ ಹೇಳುತ್ತಿದ್ದರು: ಕೋಡು ಮಾರಿದವರಲ್ಲ, ಬಳ್ಳಿ ತುಂಡು ಮಾಡಿ ಮಾರಿದವರು. ಒಂದು ಮೊಳ ಬಳ್ಳಿಗೆ ಇಷ್ಟು ಎಂದು ಅಳೆದು ಮಾರಿ ಅವರು ಹೋಗಿಯಾಗಿತ್ತು.

ಯೂಟ್ಯೂಬಿನಲ್ಲಿ ಪೊಟ್ಟಣ ಒಡೆಯುವವರನ್ನು ನೋಡಿದಾಗ ನನಗೆ ಆ ಬಳ್ಳಿ ಮಾರಿದವರ ನೆನಪಾಗುತ್ತದೆ. ಅವರ ಆದಾಯ ಕಾರ್ಡಿನದ್ದಲ್ಲ, ನೋಡುವ ಕಣ್ಣಿನದ್ದು. ಪೊಟ್ಟಣದೊಳಗೆ ಏನೇ ಬರಲಿ, ಅವರಿಗೆ ನಷ್ಟವಿಲ್ಲ. ಮಾವನ ಮನೆಯಲ್ಲಿ ವೆನಿಲ್ಲಾ ಹಾಕಿ ಯಾರೂ ಒಂದು ಪಾಯಸವನ್ನೂ ಮಾಡಿರಲಿಲ್ಲ ಎಂಬುದನ್ನು ಗಮನಿಸಿ. ಬೆಲೆ ಹೋದ ದಿನ ಆ ಬಳ್ಳಿಯಿಂದ ಮನೆಗೆ ಯಾವ ಉಪಯೋಗವೂ ಉಳಿಯಲಿಲ್ಲ. ಕಾಫಿಯ ಬೆಲೆ ಅದಕ್ಕಿಂತ ಮುಂಚೆಯೂ ಬಿದ್ದಿತ್ತು, ಆಮೇಲೆಯೂ ಬಿತ್ತು. ಆದರೆ ಬಿದ್ದ ವರ್ಷವೂ ಬೆಳಿಗ್ಗೆ ಒಲೆಯ ಮೇಲೆ ಕಾಫಿ ಕುದಿಯುತ್ತಿತ್ತು. ಕಾರ್ಡನ್ನು ಆಡುವವನಿಗೂ ಕಾಪಿಡುವವನಿಗೂ ಇರುವ ಅಂತರ ಇಷ್ಟೇ.

ಈಗ ಲೆಕ್ಕ. ಹಲಗೆ ಇದೆ, ಬಳಪ ಇದೆ, ನನಗೆ ಇದಕ್ಕಿಂತ ಸುಖವಿಲ್ಲ.

ಪೋಕೆಮಾನ್ ಮೊದಲ ಕಂತಿನಲ್ಲಿ 102 ಕಾರ್ಡುಗಳು. ಅವುಗಳಲ್ಲಿ ಮಿನುಗುವ ವಿರಳ ಕಾರ್ಡು 16. ಎಲ್ಲರೂ ಬಾಯಿಬಿಡುವ ಚಾರಿಜಾರ್ಡ್ ಆ ಹದಿನಾರರಲ್ಲಿ ಒಂದು. ಸರಾಸರಿ ಮೂರು ಪೊಟ್ಟಣಕ್ಕೆ ಒಂದರಲ್ಲಿ ಮಿನುಗುವ ಕಾರ್ಡು ಇರುತ್ತದೆ ಎಂದಿಟ್ಟುಕೊಳ್ಳೋಣ. ಆಗ ಚಾರಿಜಾರ್ಡ್ ಬರುವುದು 48 ಪೊಟ್ಟಣಕ್ಕೆ ಒಂದು. ಹಾಗಾದರೆ 48 ಪೊಟ್ಟಣ ಕೊಂಡರೆ ಬಂದೇ ಬರುತ್ತದೆಯೇ? ಹಿಂದಿನ ಸಾಲಿನಲ್ಲಿ ಯಾರೋ ಹೌದು ಎಂದರು. ಇಲ್ಲ. ಪ್ರತಿ ಪೊಟ್ಟಣದಲ್ಲೂ ಬಾರದಿರುವ ಸಂಭವ 48ಕ್ಕೆ 47. ಅದನ್ನು 48 ಸಲ ಗುಣಿಸಿ ನೋಡಿ, 0.36 ಬರುತ್ತದೆ. ಅಷ್ಟೆಲ್ಲ ಕೊಂಡ ನೂರು ಮಕ್ಕಳಲ್ಲಿ ಮೂವತ್ತಾರು ಮಂದಿ ಬರಿಗೈ. ಎರಡೇ ಪೊಟ್ಟಣ ಕೊಂಡ ಮಗುವಿಗೆ ಸಿಗುವ ಸಂಭವ ನೂರಕ್ಕೆ ನಾಲ್ಕು. ಅದೇ ಇನ್‌ಫ್ಲುಯೆನ್ಸರ್ 36 ಪೊಟ್ಟಣದ ಹತ್ತು ಪೆಟ್ಟಿಗೆ ಒಡೆದರೆ ಏಳೆಂಟು ಚಾರಿಜಾರ್ಡ್ ಸಿಗುತ್ತವೆ. ಉಳಿದ 350ಕ್ಕೂ ಹೆಚ್ಚು ಪೊಟ್ಟಣಗಳನ್ನು ವಿಡಿಯೊದಿಂದ ಕತ್ತರಿಸಿದರೆ ಹತ್ತು ನಿಮಿಷದಲ್ಲಿ ಏಳು ಸಲ ಕಿರುಚಬಹುದು. ಮಗು ನೋಡುವುದು ಆ ಹತ್ತು ನಿಮಿಷ.

ಜೂಜಲ್ಲವೇ ಎಂದು ಕೇಳಿದಿರಿ. ಪೊಟ್ಟಣ ಒಡೆಯುವ ಆ ಕ್ಷಣ ಜೂಜೇ. ಬಣ್ಣಿಸಿ ಮುಚ್ಚಿಡುವುದಿಲ್ಲ. ಯಾವಾಗ ಸಿಗುತ್ತದೆಂದು ಗೊತ್ತಿಲ್ಲದ ಬಹುಮಾನಕ್ಕೆ ಪಾರಿವಾಳವೂ ಗುಂಡಿಯನ್ನು ಬಿಡದೆ ಕುಕ್ಕುತ್ತದೆ ಎಂದು ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಎಂದೋ ತೋರಿಸಿದ್ದಾರೆ. ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ, ಇನ್ನರ್ಧ ಇದೆ, ಮತ್ತು ಆ ಅರ್ಧವನ್ನು ಯಾವ ವಿಡಿಯೊದಲ್ಲೂ ತೋರಿಸುವುದಿಲ್ಲ.

ಹದಿನಾರು ಮಿನುಗುವ ಕಾರ್ಡುಗಳೂ ಬೇಕು ಎಂದು ಒಬ್ಬ ಹುಡುಗ ಹಟ ಹಿಡಿದನೆನ್ನಿ. ಒಬ್ಬನೇ ಕೊಳ್ಳುತ್ತಾ ಹೋದರೆ ಸರಾಸರಿ 54 ಮಿನುಗುವ ಕಾರ್ಡು ಬರುವ ತನಕ ಕೊಳ್ಳಬೇಕು, ಅಂದರೆ 162 ಪೊಟ್ಟಣ. ಅವನ ಕೈಯಲ್ಲಿ ಆಗ 38 ಡಬಲ್. ಮೊದಮೊದಲು ಬಂದದ್ದೆಲ್ಲ ಹೊಸದು. ಕೊನೆಯ ಒಂದೇ ಒಂದಕ್ಕೆ 16 ಮಿನುಗುವ ಕಾರ್ಡು ಕಾಯಬೇಕಾಗುತ್ತದೆ. ಹುಡುಗರು ಸೋಲುವುದು ಆ ಕೊನೆಯ ಮೆಟ್ಟಿಲಲ್ಲಿ. ಈಗ ನಾಲ್ವರು ಹುಡುಗರು ಡಬಲ್‌ಗಳನ್ನು ಹಂಚಿಕೊಳ್ಳುತ್ತಾರೆ ಎನ್ನಿ. ನಾಲ್ವರಿಗೂ ಪೂರ್ತಿ ಹದಿನಾರು ಸಿಗಲು ತಲಾ 54 ಬೇಡ, ಸುಮಾರು 33 ಸಾಕು. ಹತ್ತು ಮಂದಿ ಸೇರಿದರೆ ತಲಾ 26ರ ಆಸುಪಾಸು. ಖರ್ಚು ಅರ್ಧಕ್ಕೆ ಇಳಿಯಿತು. ಜನ ಹೆಚ್ಚಿದಷ್ಟೂ ಇಳಿಯುತ್ತ 16ರ ಕಡೆಗೆ ಸರಿಯುತ್ತದೆ.

ಅಪ್ಪನ ಹಾರ್ಲಿಕ್ಸ್ ಬಾಟಲಿ ಮಾಡಿದ ಕೆಲಸ ಇದು. ಅವರು ಓದಿದ್ದು ಏಳನೆಯ ತರಗತಿ. ನಾನು ಎಂ.ಎಸ್ಸಿ. ಮಾಡಿ ಈ ಸೂತ್ರ ಕಲಿತ ದಿನ ಅಂಗಡಿಗೆ ಹೋಗಿ ಕಾಗದದ ಮೇಲೆ ಬರೆದು ತೋರಿಸಿದೆ. ಪೂರ್ತಿ ಕೇಳಿದರು. “ಅದಕ್ಕೇ ಆಚೆ ಬೀದಿಯವರನ್ನೂ ಬರಗೊಟ್ಟಿದ್ದು” ಎಂದರು. ನಿಜವಾಗಿ ಹಾಗೆ ಯೋಚಿಸಿದ್ದರೋ, ನನ್ನೆದುರು ಸೋಲಬಾರದೆಂದು ಹೇಳಿದರೋ, ಈಗ ಕೇಳಲು ಅವರಿಲ್ಲ.

ಡಬಲ್‌ಗೆ ಬೆಲೆ ಇರುವುದು ಎದುರಿಗೆ ಇನ್ನೊಬ್ಬ ಕುಳಿತಾಗ ಮಾತ್ರ. ಹತ್ತಕ್ಕೆ ಹತ್ತು ಅಂಕ ಬಿದ್ದು ಪ್ಲಾಸ್ಟಿಕ್‌ನಲ್ಲಿ ಮೊಹರಾದ ಕಾರ್ಡನ್ನು ಕಲಸುವಂತಿಲ್ಲ, ಮೇಜಿನ ಮೇಲೆ ಬಡಿಯುವಂತಿಲ್ಲ, ಬಾಟಲಿಗೆ ಹಾಕುವಂತಿಲ್ಲ. ಪ್ರತಿ ಕಾರ್ಡೂ ಹಾಗೆ ಗೂಡು ಸೇರಿದರೆ ಆಟ ನಿಂತು, ಕಾರ್ಡನ್ನು ನೆನಪಿಟ್ಟುಕೊಳ್ಳುವ ಮಕ್ಕಳು ಇಲ್ಲವಾಗಿ, ಇಪ್ಪತ್ತು ವರ್ಷದ ಮೇಲೆ ಆ ಗೂಡಿಗೂ ಗಿರಾಕಿ ಇರುವುದಿಲ್ಲ. ಇವತ್ತು ಚಾರಿಜಾರ್ಡಿಗೆ ಲಕ್ಷ ಕೊಡುವವನು ಒಂದು ಕಾಲದಲ್ಲಿ ಅದನ್ನು ಆಡಿ ಮೂಲೆ ಸವೆಸಿದವನೇ.

ಅಬ್ಬರದಿಂದ ಒಂದು ಉಪಕಾರ ಆಗಿದೆ, ಹೇಳದಿದ್ದರೆ ತಪ್ಪಾಗುತ್ತದೆ. ಬೇಡಿಕೆ ನೋಡಿ ಕಂಪನಿಗಳು ಕೋಟಿಗಟ್ಟಲೆ ಅಚ್ಚು ಹಾಕಿದವು. ಅದರಿಂದ ಸಾಮಾನ್ಯ ಕಾರ್ಡುಗಳು ಕಡಲೆಪುರಿಯಷ್ಟು ಅಗ್ಗವಾದವು. ಆಡುವವನಿಗೆ ಬೇಕಾದ್ದು ಬಹುಮಟ್ಟಿಗೆ ಆ ಸಾಮಾನ್ಯ ಕಾರ್ಡುಗಳೇ.

ನಮ್ಮೂರಲ್ಲಿ ಕಾಣುವ ಕಾರ್ಡಿನ ಕಥೆ ಬೇರೆ. ನನ್ನ ತಂಗಿಯ ಮಗನ ಹುಟ್ಟುಹಬ್ಬಕ್ಕೆ ಆನ್‌ಲೈನ್‌ನಲ್ಲಿ ಒಂದು ಪೆಟ್ಟಿಗೆ ತರಿಸಿಕೊಟ್ಟೆ. ಅಸಲಿಯ ಬೆಲೆಗೆ ಹತ್ತಿರದ ಬೆಲೆಯನ್ನೇ ತೆತ್ತಿದ್ದೆ. ಹುಡುಗ ಪೊಟ್ಟಣ ಒಡೆದು ಒಂದು ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದ. ಮತ್ತೆ ತಿರುಗಿಸಿ ಬೆನ್ನು ನೋಡಿದ. “ಮಾವ, ನೀಲಿ ತೆಳುವಾಗಿದೆ” ಎಂದ. ನನಗೆ ಏನೂ ಕಾಣಲಿಲ್ಲ. ಅವನು ಒಂದು ಡಬಲ್ ಆರಿಸಿ, ನನ್ನ ಮುಖ ನೋಡಿ ಅನುಮತಿ ಪಡೆದು, ನಡುವೆ ಹರಿದ. ಅಸಲಿ ಕಾರ್ಡನ್ನು ಹರಿದರೆ ಎರಡು ಬಿಳಿ ಪದರಗಳ ನಡುವೆ ಕೂದಲೆಳೆಯಷ್ಟು ಕಪ್ಪು ಪದರ ಕಾಣಬೇಕಂತೆ, ಬೆಳಕು ಹಾಯದಿರಲಿ ಎಂದು ಸೇರಿಸಿದ್ದು. ಇದು ಅಂಚಿನಿಂದ ಅಂಚಿಗೆ ಬೆಳ್ಳಗೆ ಹರಿದುಕೊಂಡಿತು, ಮದುವೆ ಕರೆಯೋಲೆಯ ಹಾಗೆ. ನಾನು ಮಾರಿದವರಿಗೆ ಮೂರು ಇಮೇಲ್ ಬರೆದೆ. ಅವನು ಅಷ್ಟರಲ್ಲಿ ಪಕ್ಕದ ಮನೆಯ ಹುಡುಗನನ್ನು ಕರೆತಂದು ಅದೇ ಕಾರ್ಡುಗಳಲ್ಲಿ ಆಡಲು ಕುಳಿತಿದ್ದ.

ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಲ್ಲಿ ರಸ್ತೆಬದಿಯ ಆಟಿಕೆ ಗಾಡಿಗಳಲ್ಲಿ ಚಿನ್ನದ ಬಣ್ಣದ ಪ್ಲಾಸ್ಟಿಕ್ ಕಾರ್ಡುಗಳನ್ನು ನೋಡಿರುತ್ತೀರಿ. ನೂರು, ನೂರೈವತ್ತಕ್ಕೆ 55 ಕಾರ್ಡು, ಎಲ್ಲವೂ ಥಳಥಳ, ಒಂದೂ ಅಸಲಿಯಲ್ಲ. ಸಾಮಾನ್ಯ ಕಾರ್ಡೇ ಇಲ್ಲದ ಕಟ್ಟು. ಊರೆಲ್ಲ ರಾಜರೇ ಆದರೆ ನೀರು ಹೊರುವವರು ಯಾರು? ನಿಯಮದ ಪ್ರಕಾರ ಅದರಲ್ಲಿ ಆಟ ಸಾಧ್ಯವೇ ಇಲ್ಲ. ಆದರೂ ನಮ್ಮ ಬೀದಿಯ ಮಕ್ಕಳು ಆಡುತ್ತಾರೆ. ಕಾರ್ಡಿನ ಮೂಲೆಯಲ್ಲಿರುವ ಶಕ್ತಿಯ ಸಂಖ್ಯೆ ಯಾರದು ದೊಡ್ಡದೋ ಅವರು ಎರಡನ್ನೂ ಎತ್ತಿಕೊಳ್ಳುವುದು. ಇದು ನಾವು ತೊಂಬತ್ತರ ದಶಕದಲ್ಲಿ ಕುಸ್ತಿಪಟುಗಳ ಟ್ರಂಪ್ ಕಾರ್ಡಿನಲ್ಲಿ ಎತ್ತರ, ತೂಕ, ಎದೆಯ ಸುತ್ತಳತೆ ಎಂದು ಆಡುತ್ತಿದ್ದ ಆಟವೇ. ಯಾರೂ ಅವರಿಗೆ ಹೇಳಿಕೊಟ್ಟಿಲ್ಲ.

ಈ ಸೀಮೆಗೆ ಎಲೆಯ ಹುಚ್ಚು ಹಳೆಯದು. ಮೈಸೂರಿನ ಗಂಜೀಫಾ ನಿಮಗೆ ಗೊತ್ತಿರಬಹುದು, ದುಂಡನೆಯ ಎಲೆಗಳು. ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ 12ರಂತೆ 120 ಎಲೆ. ಹಗಲಾದರೆ ರಾಮನಿಂದ ಆಟ ಆರಂಭ, ರಾತ್ರಿಯಾದರೆ ಕೃಷ್ಣನಿಂದ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಅಷ್ಟು ಸಾಲದೆ ತಾವೇ ಹೊಸ ಹೊಸ ಆಟ ಕಟ್ಟಿಸಿದರು. ಅವರ ಚಾಮುಂಡೇಶ್ವರಿ ಆಟಕ್ಕೆ 320 ಎಲೆ. ಆ ಎಲೆಗಳು ಈಗ ವಸ್ತುಸಂಗ್ರಹಾಲಯಗಳಲ್ಲಿವೆ, ಕಲಾವಿದರು ಬಿಡಿಸಿದ ಚಿತ್ರಗಳನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ನೋಡಿದರೆ ಕಣ್ಣು ತಣಿಯುತ್ತದೆ. ಆಡುವವರು ಎಷ್ಟು ಮಂದಿ ಇದ್ದಾರೆ? ಈ ಸಭೆಯಲ್ಲಿ ಕೈ ಎತ್ತಿ ಎಂದೆ. ಒಂದೂ ಏಳಲಿಲ್ಲ. ಅದಕ್ಕೆ ಇನ್‌ಫ್ಲುಯೆನ್ಸರ್ ಬೇಕಾಗಿರಲಿಲ್ಲ, ಗಾಜಿನ ಪೆಟ್ಟಿಗೆ ಸಾಕಾಯಿತು.

ಕೊನೆಗೆ ಜೇಬಿನಿಂದ ಒಂದು ಕಾರ್ಡು ತೆಗೆದು ತೋರಿಸಿದೆ. ಅದು ತೊಂಬತ್ತರ ದಶಕದ ಕ್ರಿಕೆಟ್ ಟ್ರಂಪ್ ಕಾರ್ಡು, ಜಾವಗಲ್ ಶ್ರೀನಾಥ್. ಜಾವಗಲ್ ನಮ್ಮ ಜಿಲ್ಲೆಯ ಊರು, ಅರಸೀಕೆರೆ ತಾಲ್ಲೂಕು. ಆದ್ದರಿಂದ ಹಾಸನದಲ್ಲಿ ಈ ಕಾರ್ಡಿನ ದರ ಬೆಂಗಳೂರಿನ ದರಕ್ಕಿಂತ ಯಾವಾಗಲೂ ಹೆಚ್ಚಿತ್ತು. ಸಚಿನ್‌ನನ್ನಾದರೂ ಕೊಟ್ಟಾರು, ಶ್ರೀನಾಥ್‌ನನ್ನು ಕೊಡುತ್ತಿರಲಿಲ್ಲ. ನನ್ನ ಬಳಿ ಎರಡು ಇದ್ದವು. ಒಂದನ್ನು ವಾಸಿಂ ಅಕ್ರಂಗೆ ಬದಲಾಗಿ ಕೊಟ್ಟು ವಾರಗಟ್ಟಲೆ ಪಶ್ಚಾತ್ತಾಪಪಟ್ಟೆ. ಉಳಿದದ್ದು ಇದು, ನಡುವೆ ಮಡಿಕೆ ಬಿದ್ದಿದೆ, ಒಂದು ಮೂಲೆಯನ್ನು ಇಲಿ ತಿಂದಿದೆ. ಪಿಎಸ್‌ಎ ಸಂಸ್ಥೆಗೆ ಕಳಿಸಿದರೆ ಹತ್ತಕ್ಕೆ ಒಂದು ಅಂಕ ಕೊಟ್ಟಾರೋ ಇಲ್ಲವೋ.

ಸಭೆ ಮುಗಿದು ಕುರ್ಚಿ ಮಡಚುವಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು ವೇದಿಕೆಯ ಬಳಿ ಬಂದಳು. ಕೈಯಲ್ಲಿ ಚಿನ್ನದ ಬಣ್ಣದ ಚಾರಿಜಾರ್ಡ್.

“ಸಾರ್, ಇದು ನಕಲಿ ಅಲ್ಲವಾ?”

“ಹೌದಮ್ಮ.”

“ಗೊತ್ತು ಸಾರ್. ನನ್ನ ಹತ್ತಿರ ಇದು ಡಬಲ್ ಇದೆ. ನಿಮ್ಮ ಶ್ರೀನಾಥ್ ಕೊಡುತ್ತೀರಾ?”

ನಾನು ಕಾರ್ಡನ್ನು ಜೇಬಿಗೆ ಸೇರಿಸಿಕೊಂಡು, ಅದು ಒಂದೇ ಇದೆ ಎಂದೆ. ಅವಳು ನನ್ನ ಜೇಬನ್ನೂ ಮುಖವನ್ನೂ ಒಮ್ಮೆ ನೋಡಿದಳು.

“ಹಾಗಾದರೆ ಡಬಲ್ ಬಂದಾಗ ಹೇಳಿ” ಎಂದು ಹೇಳಿ ಮೆಟ್ಟಿಲಿಳಿದು ಹೋದಳು.